ಫ್ಯಾನು ತಿರುಗಿದರೆ ಗಾಳಿಯಾಡಿತೆ?

ಮನೆಗೆ ಆತುಕೊಂಡ ತಗಡಿನ ಶೆಡ್ಡು. ರಾತ್ರಿ ಅಲ್ಲಿ ಬೈಕು ನಿಲ್ಲುತ್ತದೆ. ಹಗಲು ವೆಲ್ಡಿಂಗ್, ಗ್ರೈಂಡಿಂಗ್, ಬಣ್ಣದ ಕೆಲಸ. ಉಸಿರು ಕಟ್ಟುತ್ತದೆ ಎಂದವರಿಗೆ ನಮ್ಮ ಕಡೆ ಸಿಗುವ ಉತ್ತರ ಒಂದೇ: ‘ಒಂದ್ ಎಕ್ಸಾಸ್ಟ್ ಫ್ಯಾನ್ ಹಾಕಸ್ರಿ, ಮುಗೀತು.’ ಈ ಯಂತ್ರಕ್ಕೆ ಅದರ ಯೋಗ್ಯತೆಗೆ ಮೀರಿದ ಹೆಸರು ಬಂದಿದೆ ಎಂಬುದು ನನ್ನ ತಕರಾರು. ಫ್ಯಾನು ಬೇಕು, ಒಪ್ಪುತ್ತೇನೆ. ಅದೊಂದನ್ನೇ ನಂಬಿ ನಾಲ್ಕೂ ಗೋಡೆ ಮುಚ್ಚುವ ರೂಢಿ ಕೆಟ್ಟದ್ದು.

ಲೆಕ್ಕ ಹಾಕೋಣ. 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಶೆಡ್ಡಿನಲ್ಲಿ 2,000 ಘನ ಅಡಿ ಗಾಳಿ ಇರುತ್ತದೆ. ನಿಮಿಷಕ್ಕೆ 1,000 ಘನ ಅಡಿ ಎಳೆಯುವ ಫ್ಯಾನು ಎರಡೇ ನಿಮಿಷದಲ್ಲಿ ಅಷ್ಟನ್ನೂ ಬದಲಿಸಬೇಕು. ಲೆಕ್ಕವೇನೋ ಸರಿ. ಆದರೆ ಶಟರ್ ಇಳಿಸಿದ ಮೇಲೆ, ಹೊರಹೋದ ಗಾಳಿಯ ಜಾಗ ತುಂಬುವ ಗಾಳಿ ಎಲ್ಲಿಂದ ಬರಬೇಕು? ಒಳದಾರಿ ಇಲ್ಲದ ಫ್ಯಾನು ಸದ್ದು ಮಾಡುತ್ತದೆ, ಗಾಳಿ ಸಾಗಿಸುವುದಿಲ್ಲ. ಪಕ್ಕದಲ್ಲೇ ಕಿಟಕಿ ಇದ್ದರೆ ಇನ್ನೊಂದು ಮೋಸ: ಕಿಟಕಿಯಿಂದ ಬಂದ ಗಾಳಿ ನೆಟ್ಟಗೆ ಫ್ಯಾನಿಗೆ ಹೋಗುತ್ತದೆ, ಆಚೆ ಮೂಲೆಯ ಹೊಗೆ ಇದ್ದಲ್ಲೇ ಇರುತ್ತದೆ. ಮುಂಗಾರಿನಲ್ಲಿ ಗಾಳಿ ಬೀಸುವುದು ಪಡುವಣದಿಂದ. ಪಡುವಣ ಗೋಡೆಗೆ ಕೂರಿಸಿದ ಫ್ಯಾನಿಗೆ ಆ ಗಾಳಿಯೇ ಅಡ್ಡ.

ಎತ್ತರದ ಮಾತೂ ಇದೆ. ವೆಲ್ಡಿಂಗ್ ಹೊಗೆ ಬಿಸಿಯಾಗಿ ಮೇಲೇಳುತ್ತದೆ. ಏಳುವ ದಾರಿಯಲ್ಲೇ ಬಗ್ಗಿ ಕೂತವನ ಮುಖವಿರುತ್ತದೆ. ಸೂರಿನ ಫ್ಯಾನು ಎಳೆದುಕೊಳ್ಳುವ ಮೊದಲೇ ಅವನು ಅದನ್ನು ಕುಡಿದಿರುತ್ತಾನೆ. ಈ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2017ರಲ್ಲಿ ತೀರ್ಮಾನಿಸಿತು. ಥಿನ್ನರಿನ ಆವಿ ಗಾಳಿಗಿಂತ ಭಾರ. ನೆಲದಗುಂಟ ಹರಡಿ ಒಂದು ಕಿಡಿಗೆ ಕಾಯುತ್ತದೆ. ಎಂಜಿನ್ನಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇವೆಲ್ಲಕ್ಕೂ ಸೂರಿನಡಿಯ ಒಂದೇ ತೂತು ಸಾಲದು.

ಗಾಳಿಗೆ ಒಳದಾರಿಯೂ ಬೇಕೆಂಬ ಪಾಠ ಇಟಗಿ ಊರಿನವರಿಗೆ ಕಣ್ಣೆದುರೇ ಇದೆ. ಅಲ್ಲಿನ 1112ರ ಮಹಾದೇವ ದೇವಾಲಯದ ಮುಚ್ಚಿದ ಮಂಟಪಕ್ಕೆ ಮೂಡಣದ ತೆರೆದ ಮಂಟಪದ ಕಡೆಯ ಬಾಗಿಲಲ್ಲದೆ ಬಡಗಣಕ್ಕೊಂದು, ತೆಂಕಣಕ್ಕೊಂದು ಬಾಗಿಲಿದೆ. ‘ದೇವಾಲಯ ಚಕ್ರವರ್ತಿ’ ಎಂಬ ಶಾಸನದ ಬಿರುದನ್ನೂ ಕಂಬಗಳ ನುಣುಪನ್ನೂ ಕೊಂಡಾಡುವವರು ಈ ಬಾಗಿಲುಗಳಲ್ಲಿ ಕಾಣುವುದು ಕೆತ್ತನೆಯನ್ನು ಮಾತ್ರ. ಹಿರಿಯರಿಗೆ ಎಲ್ಲ ವಿಜ್ಞಾನವೂ ಗೊತ್ತಿತ್ತು ಎಂದು ಕೈತೊಳೆದುಕೊಳ್ಳುವವರು ಇನ್ನೊಂದು ಕಡೆ. ಎರಡೂ ಪಂಗಡದೊಡನೆ ನನಗೆ ಜಗಳವಿದೆ. ಶಿಲ್ಪಿ ಗಾಳಿಗಾಗಿಯೇ ಬಾಗಿಲಿಟ್ಟನೆಂದು ನಾನು ವಾದಿಸುವುದಿಲ್ಲ. ಎದುರುಬದುರು ಬಾಗಿಲಿದ್ದರೆ ಗಾಳಿ ಕೋಣೆಯನ್ನು ಹಾಯ್ದೇ ಹೋಗಬೇಕು ಎಂಬುದನ್ನು ಅಲ್ಲಿ ನಿಂತು ಕಲಿಯಿರಿ ಎನ್ನುತ್ತೇನೆ. ಮಾಳಿಗೆ ಮನೆಯ ಬೆಳಕಿಂಡಿಯನ್ನು ನೆನೆದು ಹಂಬಲಿಸುವ ಲೇಖಕರೂ ಅರ್ಧವನ್ನೇ ಹೇಳಿದ್ದಾರೆ. ಒಲೆಯ ಹೊಗೆ ಮೇಲಿನ ಕಿಂಡಿಯಿಂದ ಹೊರಹೋಗುತ್ತಿದ್ದದ್ದು ಕೆಳಗೆ ಬಾಗಿಲು ತೆರೆದಿರುತ್ತಿದ್ದುದರಿಂದ.

ಮತ್ತೆ ಶೆಡ್ಡಿಗೆ ಬರೋಣ. ವೆಲ್ಡಿಂಗ್ ಹೊಗೆಯನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಕೊಳವೆ ಇಡಿ. ಬಣ್ಣದ ಕೆಲಸ ಅಂಗಳದಲ್ಲಿರಲಿ. ಶಟರ್ ಇಳಿಸಿ ಎಂಜಿನ್ ಚಾಲೂ ಮಾಡಬೇಡಿ. ಫ್ಯಾನು ಕೊಳ್ಳುವ ಮೊದಲು, ಅದು ಕೂರುವ ಗೋಡೆಯ ಎದುರು ಗೋಡೆಯಲ್ಲಿ ಗಾಳಿ ಒಳಬರುವ ಕಿಂಡಿ ತೆಗೆಸಿ.