ಊಟದ ಮನೆಯ ಗೆರೆ

ಕಾಲೇಜಿನ ಯೋಗ್ಯತೆ ತಿಳಿಯಬೇಕಾದರೆ ಅದರ ಲೈಬ್ರರಿ ನೋಡಬೇಕು ಅಂತಾರೆ. ಮೊದಲು ಮೆಸ್ಸು ನೋಡಿ ಅಂತೀವಿ ನಾವು. ತರಗತಿಯಲ್ಲಿ ಮೇಷ್ಟ್ರ ಕಣ್ಣಿರುತ್ತದೆ, ಹಾಜರಿ ಪುಸ್ತಕ ಇರುತ್ತದೆ. ತಟ್ಟೆ ಹಿಡಿದು ನಿಂತಾಗ ಯಾರೂ ಹೇಳಿಕೊಡದೆ ಕಾಲು ತನ್ನ ಜಾತಿಯ ಬೆಂಚಿನತ್ತ ನಡೆಯುತ್ತದೆ.

ದೇಶದ ದೊಡ್ಡ ವಿದ್ಯಾಸಂಸ್ಥೆಗಳನ್ನೇ ನೋಡಿ. 2018ರಲ್ಲಿ ಮದ್ರಾಸ್ ಐಐಟಿಯ ಮೆಸ್ಸಿನಲ್ಲಿ ಸಸ್ಯಾಹಾರಿಗಳಿಗೆ ಬೇರೆ ಬಾಗಿಲು, ಕೈತೊಳೆಯಲು ಬೇರೆ ತೊಟ್ಟಿ ಎಂದು ಚೀಟಿ ಅಂಟಿತು. ಗಲಾಟೆಯಾದ ಮೇಲೆ ಕಿತ್ತರು. 2023ರಲ್ಲಿ ಮುಂಬಯಿ ಐಐಟಿಯ ಸರದಿ. ಮೂರು ಹಾಸ್ಟೆಲ್ಲುಗಳ ಮೆಸ್ಸಿನಲ್ಲಿ ಆರು ಮೇಜುಗಳನ್ನು ಸಸ್ಯಾಹಾರಿಗಳಿಗೆಂದೇ ತೆಗೆದಿಟ್ಟರು. ಇದನ್ನು ಪ್ರತಿಭಟಿಸಿದ್ದಕ್ಕೆ ಒಬ್ಬ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಬಿತ್ತು. ಮೀಸಲಾತಿ ಎಂದರೆ ಮೂಗು ಮುರಿಯುವ ಜನಕ್ಕೆ ಈ ಮೀಸಲಾತಿ ಮಾತ್ರ ಬಲು ರುಚಿಸಿತು!

‘ವಾಸನೆ ಆಗೋದಿಲ್ಲ, ಅದು ನಮ್ಮ ಆಯ್ಕೆ’ ಎಂಬುದು ಇಂಥವರ ವಾದ. ಸ್ವಾಮಿ, ನಿಮ್ಮ ತಟ್ಟೆಗೆ ಯಾರೂ ಮಾಂಸ ಬಡಿಸುತ್ತಿಲ್ಲ. ಬೇಡವಾದ ಅನ್ನವನ್ನು ಬೇಡವೆನ್ನುವ ಹಕ್ಕು ಎಲ್ಲರಿಗೂ ಇದೆ. ಪಕ್ಕದಲ್ಲಿ ಉಣ್ಣುವ ಮನುಷ್ಯನನ್ನೇ ಬೇಡವೆನ್ನುವ ಹಕ್ಕನ್ನು ಕೊಟ್ಟವರು ಯಾರು? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಮೈಲಿಗೆ ಜಾಣತನದಿಂದ ಕೈ ಬಿಟ್ಟು ಮೂಗು ಸೇರಿಕೊಂಡಿತು. ನಮ್ಮ ರಾಜ್ಯದಲ್ಲೂ 2021ರಲ್ಲಿ ಬೀದರ್, ರಾಯಚೂರಿನಂಥ ಜಿಲ್ಲೆಗಳ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. ಹಸಿದ ಮಗುವಿನ ಹೊಟ್ಟೆಗಿಂತ ಅವರ ಮಡಿ ದೊಡ್ಡದಾಗಿತ್ತು.

ಇಷ್ಟು ಬರೆದು ಲೇಖನಿ ಕೆಳಗಿಟ್ಟರೆ ಚಪ್ಪಾಳೆ ಸಿಗುತ್ತದೆ. ಆದರೆ ನಮ್ಮ ಬೆನ್ನು ನಾವು ನೋಡಿಕೊಳ್ಳಬೇಡವೇ? ದಲಿತ ಚಳವಳಿಯ ಒಂದು ತಲೆಮಾರು ಅನ್ನ, ಅಕ್ಷರ ಎರಡನ್ನೂ ಕಂಡದ್ದು ಹಾಸ್ಟೆಲ್ಲಿನಲ್ಲಿ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಇದು ಗೊತ್ತು. ಅಂಥದೇ ಒಂದು ಹಾಸ್ಟೆಲ್ಲಿನಲ್ಲಿ ನಾವು ಕೆಲವು ದಿನ ಹುಡುಗರ ಜೊತೆ ಕೂತು ಉಂಡೆವು. ಗೋಡೆಯ ಮೇಲೆ ಬಾಬಾಸಾಹೇಬರ ಪಟ. ಪಟದ ಕೆಳಗೆ ಎಡಗೈಯವರ ಗುಂಪೊಂದು, ಬಲಗೈಯವರ ಗುಂಪೊಂದು. ಅಲೆಮಾರಿ ಕುಲದ ಹೊಸ ಹುಡುಗ ಮುದ್ದೆಯ ತಟ್ಟೆ ಹಿಡಿದು ನಲ್ಲಿಯ ಹತ್ತಿರ ನಿಂತೇ ಉಂಡ. ಯಾಕಪ್ಪಾ ಎಂದರೆ, ‘ಅಭ್ಯಾಸ ಸಾರ್’ ಅಂದ. ಎಲ್ಲರದೂ ಮುಗಿದ ಮೇಲೆ ಅಡಿಗೆಯಮ್ಮ ಒಲೆಯ ಪಕ್ಕ ನೆಲಕ್ಕೆ ಕೂತು ತಳದ ಸಾರು ಬಳಿದುಕೊಂಡಳು. ಏಪ್ರಿಲ್ 14ರಂದು ಒಕ್ಕೊರಲಿನಿಂದ ಜೈಭೀಮ್ ಕೂಗುವವರು ಇದೇ ಹುಡುಗರು. ಇಲ್ಲಿ ಚೀಟಿ ಅಂಟಿಸಿರಲಿಲ್ಲ. ಬೇಕಾಗಿಯೇ ಇರಲಿಲ್ಲ.

ಒಟ್ಟಿಗೆ ಉಂಡ ಮಾತ್ರಕ್ಕೆ ಜಾತಿ ಸಾಯದು, ಮದುವೆಯ ಗೆರೆ ಅಳಿಯಬೇಕು ಎಂದು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲೇ ಹೇಳಿದರು. ನಿಜ. ಆದರೆ ಬೆಂಚಿನಲ್ಲಿ ಒಂದು ಗೇಣು ಸರಿದು ಜಾಗ ಕೊಡದವನು ನಾಳೆ ಮನೆಯ ಬಾಗಿಲು ತೆರೆದಾನೆಯೇ? 1917ರಲ್ಲಿ ಕೇರಳದ ಚೆರಾಯಿಯಲ್ಲಿ ಈಳವರ ಸಹೋದರನ್ ಅಯ್ಯಪ್ಪನ್ ಪುಲಯರೊಡನೆ ಕೂತು ಉಂಡಾಗ ಸ್ವಜಾತಿಯವರೇ ಅವರನ್ನು ‘ಪುಲಯ ಅಯ್ಯಪ್ಪ’ ಎಂದು ಹೀಯಾಳಿಸಿದರು. ಆ ಹೆಸರಿಗೆ ಅವರು ಅಂಜಲಿಲ್ಲ.

ಗೆಳೆಯರೇ, ಮುಂಬಯಿಯ ಮೇಜುಗಳ ವಿರುದ್ಧ ಕೂಗೋಣ, ಕೂಗಲೇಬೇಕು. ಕೂಗಿ ಬಂದು ಮಧ್ಯಾಹ್ನ ತಟ್ಟೆ ಹಿಡಿದಾಗ, ನಲ್ಲಿಯ ಹತ್ತಿರ ನಿಂತ ಆ ಹುಡುಗನನ್ನು ಪಕ್ಕಕ್ಕೆ ಕರೆಯೋಣ.