ರೋಡ್‌ಕಿಂಗ್‌ಗೆ ಎಷ್ಟು ಕೊಡಬಹುದು?

ಹೋದ ಭಾನುವಾರ ನಂಜನಗೂಡಿನ ಕಡೆ ಒಂದು ಯೆಜ್ಡಿ ರೋಡ್‌ಕಿಂಗ್ ನೋಡಲು ಹೋಗಿದ್ದೆ. ತಣ್ಣಗಿರುವ ಇಂಜಿನ್ನು ಎಷ್ಟು ಕಿಕ್ಕಿಗೆ ಏಳುತ್ತದೆ ಅಂತ ನೋಡಬೇಕಿತ್ತು, ಹಾಗಾಗಿ ಬೆಳಿಗ್ಗೆ ಏಳಕ್ಕೇ ಹೋದೆ. ಮಾರುವವರು ನನಗಿಂತ ಚುರುಕು. ಆಗಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು.

“ಒಂದೂ ಇಪ್ಪತ್ತು ಸಾರ್. ಪೇಂಟು, ಕ್ರೋಮು ಎಲ್ಲಾ ಹೊಸದು. ವಿಂಟೇಜ್ ಗಾಡಿ!”

ಈ ವಿಂಟೇಜ್ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡೋಣ. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಗಾಡಿಗೆ 50 ವರ್ಷ ತುಂಬಿರಬೇಕು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. ಮೊಟ್ಟಮೊದಲ ಗಾಡಿಗೂ 2028ರವರೆಗೆ ಆ ಪಟ್ಟ ಇಲ್ಲ. ಪಟ್ಟ ಸಿಕ್ಕರೂ ಸುಖವೇನಿಲ್ಲ, ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ.

ಯೆಜ್ಡಿ ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಈಗ ಯೆಜ್ಡಿ ಹೆಸರಿನಲ್ಲಿ ಬರುತ್ತಿರುವುದು ಫೋರ್ ಸ್ಟ್ರೋಕ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಕಟ್ಟಿಕೊಂಡ ಆ 250 ಸಿಸಿ ಟೂ ಸ್ಟ್ರೋಕ್ ಇನ್ನು ಹುಟ್ಟುವುದಿಲ್ಲ. ಹಾಗಂತ ಎಲ್ಲದಕ್ಕೂ ದುಡ್ಡು ಸುರಿಯಬೇಕಿಲ್ಲ. ಸೈಲೆನ್ಸರ್, ಸೀಟು, ಪಿಸ್ಟನ್, ಕೇಬಲ್ಲು ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದರೆ ಇವತ್ತೂ ಸಿಗುತ್ತವೆ. ಅಂಗಡಿಯಲ್ಲಿ ಸಿಗುವುದಕ್ಕೆ ಅಂಗಡಿಯ ಬೆಲೆ. ನಾನು ಜಾಸ್ತಿ ಕೊಡುವುದು ಅಂಗಡಿಯಲ್ಲಿ ಸಿಗದಿರುವುದಕ್ಕೆ. ಕಾರ್ಖಾನೆಯವರು ಹೊಡೆದ ನಂಬರು, ವೆಲ್ಡಿಂಗ್ ಕಾಣದ ಫ್ರೇಮು, ಮೊದಲಿನ ದಪ್ಪ ತಗಡು, ಸರಿಯಾದ ಕಾಗದ.

ಟಾರ್ಚ್ ಬಿಟ್ಟು ನಂಬರು ನೋಡಿದೆ. ಅಂಕೆಗಳ ಸುತ್ತ ಲೋಹ ಗ್ರೈಂಡರ್ ತಿಂದ ಹಾಗೆ ನುಣುಪಾಗಿದ್ದರೆ ಅಲ್ಲಿಗೇ ಕೈಮುಗಿದು ಎದ್ದು ಬರಬೇಕು. ಇದರಲ್ಲಿ ಒರಟು ಹಾಗೇ ಇತ್ತು. ಮಡ್ಗಾರ್ಡ್ ಬೆರಳಲ್ಲಿ ತಟ್ಟಿದೆ. ಹಳೆಯದಾದರೆ ‘ಠಣ್’ ಎನ್ನಬೇಕು, ಇದು ಎಣ್ಣೆ ಡಬ್ಬದ ಹಾಗೆ ಸದ್ದು ಮಾಡಿತು. ಹೊಸ ತಗಡು, ಅದರ ಮೇಲೆ ಹೊಸ ಬಣ್ಣ. ಹೊಸ ಬಣ್ಣಕ್ಕೆ ನಾನು ಒಂದು ರೂಪಾಯಿಯನ್ನೂ ಕೂಡಿಸುವುದಿಲ್ಲ. ಮಾಸಿದ, ಗೀರು ಬಿದ್ದ ಕಂಪನಿ ಬಣ್ಣ ಗಾಡಿಯ ಕಥೆಯನ್ನೆಲ್ಲ ಹೇಳಿಬಿಡುತ್ತದೆ. ಹೊಸ ಬಣ್ಣ ಬಾಯಿ ಬಿಡುವುದಿಲ್ಲ.

ಟೂ ಸ್ಟ್ರೋಕ್ ಅಂದಮೇಲೆ ಹೊಗೆ ಸಹಜ. ಆದರೆ ಹತ್ತು ನಿಮಿಷ ಓಡಿಸಿದ ಮೇಲೂ ಹಿಂದಿನವರಿಗೆ ದಾರಿ ಕಾಣದಷ್ಟು ಹೊಗೆ ಬಂದರೆ, ಕ್ಲಚ್ ಬದಿಯ ಆಯಿಲ್ ಸೀಲ್ ಹೋಗಿ ಇಂಜಿನ್ನು ಗೇರ್ ಆಯಿಲ್ ಕುಡಿಯುತ್ತಿದೆ ಎಂದೇ ಲೆಕ್ಕ. ಸೀಲಿನ ಬೆಲೆ ಏನೂ ಅಲ್ಲ, ಅದನ್ನು ಹಾಕಲು ಇಡೀ ಇಂಜಿನ್ ಬಿಚ್ಚಬೇಕು. ಇದರ ಹೊಗೆಯೂ ಹಾಗೇ ಇತ್ತು. ಆಮೇಲೆ ಬಲಗಡೆಯ ಕವರ್ ತೆಗೆಸಿ, ಡೈನಮೋ ಆರ್ಮೇಚರನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದೆ. ಸಣ್ಣಗೆ ‘ಟಿಕ್ ಟಿಕ್’ ಎಂದಿತು. ಕ್ರ್ಯಾಂಕ್ ಬೇರಿಂಗೂ ಮುಗಿದಿದೆ.

ಖುಷಿಯಾದದ್ದು ಒಂದೇ ವಿಷಯಕ್ಕೆ. ಕ್ಲಚ್ ಹಿಡಿಯದೆ ಕಾಲಲ್ಲೇ ಗೇರ್ ಒತ್ತಿದೆ, ಸದ್ದಿಲ್ಲದೆ ಬಿತ್ತು. ಹಳೇ ಜಾವಾ, ಯೆಜ್ಡಿಗಳ ಆ ಸೆಮಿ ಆಟೋಮ್ಯಾಟಿಕ್ ಕ್ಲಚ್ಚನ್ನು ತಲೆನೋವೆಂದು ಎಷ್ಟೋ ಮೆಕ್ಯಾನಿಕ್‌ಗಳು ಕಿತ್ತು ಹಾಕಿದ್ದಾರೆ. ಇದರಲ್ಲಿ ಯಾರೂ ಕೈ ಹಾಕಿರಲಿಲ್ಲ.

ನಮ್ಮ ಬಳಗದಲ್ಲಿ ಹೋದ ವರ್ಷ ಕಂಪನಿ ಬಣ್ಣದ, ಇಂಜಿನ್ ಗಟ್ಟಿಯಿದ್ದ ರೋಡ್‌ಕಿಂಗ್ 90 ಸಾವಿರಕ್ಕೆ ಕೈ ಬದಲಾಗಿತ್ತು. ನಾನು ಲೆಕ್ಕ ಶುರು ಮಾಡಿದ್ದು ಅಲ್ಲಿಂದ. ಇಂಜಿನ್ ಕೆಲಸಕ್ಕೆ ನನ್ನ ಮೆಕ್ಯಾನಿಕ್ ಫೋನಿನಲ್ಲೇ ಹೇಳಿದ 12 ಸಾವಿರ ಕಳೆದೆ, ತಗಡಿಗೆ ಇನ್ನೊಂದು 8. ಕ್ಲಚ್ಚಿನ ಮೋಹಕ್ಕೆ 5 ಕೂಡಿಸಿದೆ. ಅದು ಲೆಕ್ಕವಲ್ಲ, ನನ್ನ ಚಪಲ. 75 ಸಾವಿರ ಅಂದೆ. ಕಾಫಿ ಬಂತು. ಚೌಕಾಸಿಯಾಗಿ 80ಕ್ಕೆ ನಿಂತಿತು.

ಕೊನೆಗೆ ಆರ್‌ಸಿ ಕೇಳಿದೆ. (ಮೊದಲೇ ಕೇಳಬೇಕಿತ್ತು. ಎಷ್ಟು ವರ್ಷವಾದರೂ ಗಾಡಿ ಕಂಡರೆ ಬುದ್ಧಿ ಹಿಂದಾಗುತ್ತದೆ.) ಮಡಿಕೆಯಲ್ಲಿ ಹರಿದ ಹಳೇ ಪುಸ್ತಕ, ಅವರ ತಂದೆಯ ಹೆಸರಿನಲ್ಲಿತ್ತು. ತಂದೆ ತೀರಿಕೊಂಡು ಒಂಬತ್ತು ವರ್ಷ. 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕಾದ ರಿನ್ಯೂವಲ್ ಆಗಿಲ್ಲ. ಆರ್‌ಟಿಒ ಕಂಪ್ಯೂಟರಿಗೆ ಈ ನಂಬರು ಇನ್ನೂ ಹತ್ತಿಯೇ ಇಲ್ಲ.

“ಫಾರಂ ಸೈನ್ ಮಾಡಿಕೊಡ್ತೀನಿ ಸಾರ್, ನೀವೇ ಮಾಡಿಸ್ಕೊಳ್ಳಿ,” ಎಂದರು.

ಅವರ ಸಹಿ ನಡೆಯುವುದಿಲ್ಲ. ಮಾಲೀಕರು ತೀರಿಕೊಂಡಿದ್ದರೆ ಫಾರಂ 31 ಹಾಕಿ, ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಇವರಿಗೆ ಇಬ್ಬರು ತಮ್ಮಂದಿರು, ಒಬ್ಬ ತಂಗಿ. ಕಾಗದವಿಲ್ಲದ ಯೆಜ್ಡಿಗೆ ಗುಜರಿಯ ತೂಕದ ಬೆಲೆ ಬಿಟ್ಟು ಬೇರೆ ಬೆಲೆ ಹೇಳಲು ನನಗೆ ಬಾಯಿ ಬರುವುದಿಲ್ಲ. ತಂದೆಯ ನೆನಪಿಗೆಂದು ಉಳಿಸಿಕೊಂಡ ಗಾಡಿಗೆ ಆ ಮಾತು ಆಡಲೂ ಆಗಲಿಲ್ಲ.

“ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನ ಫೋನ್ ಮಾಡಿ ಯಜಮಾನರೇ, 80ಕ್ಕೆ ನಾನು ಬದ್ಧ,” ಎಂದು ಹೇಳಿ ಬಂದಿದ್ದೇನೆ. ಫೋನ್ ಇನ್ನೂ ಬಂದಿಲ್ಲ.