ಖಲ್ವಾಟನೂ ಮುಂಡಿತನೂ

ತಲೆಗೂದಲಿನ ವಿಷಯಕ್ಕೂ ಸಾಹಿತ್ಯವಿಮರ್ಶೆಗೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವ ಸಾಹಸವಿದೆಂದು ನಗಲೂಬಹುದು. ಆದರೆ ವೇದಕಾಲದಿಂದ ಮೊದಲ್ಗೊಂಡು ಈಚಿನ ಚಲಚ್ಚಿತ್ರದವರೆಗೆ ಕವಿಗಳು ಈ ತಲೆಯನ್ನು ಬಿಟ್ಟವರಲ್ಲ. ಅವರು ಅದನ್ನು ಕಂಡ ಬಗೆಯನ್ನು ಪರಿಶೀಲಿಸಿದರೆ, ಇಂದು ಅನೇಕ ತರುಣರು ಕನ್ನಡಿಯ ಮುಂದೆ ಒಂಟಿಯಾಗಿ ನಿಂತು ಅನುಭವಿಸುವ ಸಂಕಟವೊಂದಕ್ಕೆ ಸ್ವಲ್ಪ ಬೆಳಕು ದೊರೆಯುವುದೆಂದು ನನ್ನ ನಂಬುಗೆ. ಉದುರುತ್ತಿರುವ ಕೂದಲನ್ನು ಉಳಿಸಿಕೊಳ್ಳಲು ಹೆಣಗುವುದೋ, ಉಳಿದುದನ್ನೂ ತಾನೇ ಬೋಳಿಸಿಬಿಡುವುದೋ ಎಂಬುದೇ ಆ ಸಂಕಟ.

ಇದು ಹೊಸ ಕಾಲದ ನೀರಿನಿಂದಲೂ ಹೊಸ ಸಾಬೂನಿನಿಂದಲೂ ಹುಟ್ಟಿದ ಪೀಡೆಯೆಂದು ಹೇಳುವವರುಂಟು. ಪ್ರಾಚೀನರು ಹಾಗೆ ಹೇಳಗೊಡುವುದಿಲ್ಲ. ಋಗ್ವೇದದ ಎಂಟನೆಯ ಮಂಡಲದಲ್ಲಿ ಅಪಾಲೆಯು ಇಂದ್ರನನ್ನು ಬೇಡುವ ಮೂರು ವರಗಳಲ್ಲಿ ಒಂದು ತನ್ನ ತಂದೆಯ ತಲೆಯ ಮೇಲೆ ಕೂದಲು ಮೊಳೆಯಲಿ ಎಂಬುದು; ತಂದೆಯ ಹೊಲದ ಬೆಳೆಯೊಡನೆಯೇ ಅವಳು ಅದನ್ನೂ ಕೇಳುತ್ತಾಳೆ. ಅಥರ್ವವೇದದ ಆರನೆಯ ಕಾಂಡದಲ್ಲಿ ಕೇಶವೃದ್ಧಿಗಾಗಿ ಮೂಲಿಕೆಯನ್ನು ಅಗೆದು ತರುವ ಮಂತ್ರಗಳೇ ಇವೆ. ಇನ್ನು ಪಾಣಿನಿಯಂತೂ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, 'ಯುವ' ಶಬ್ದವು ಯಾವ ಯಾವ ಶಬ್ದಗಳೊಡನೆ ಸಮಾಸವಾಗುವುದೆಂದು ಹೇಳುವಾಗ 'ಖಲತಿ' ಎಂಬುದನ್ನೇ ಮೊದಲು ಹೆಸರಿಸುತ್ತಾನೆ. ಯುವಖಲತಿ ಎಂದರೆ ಯೌವನದಲ್ಲಿಯೇ ಬೋಳಾದವನು. ಅರ್ಧಮಾತ್ರೆಯನ್ನೂ ವ್ಯರ್ಥಮಾಡದ ಆ ಮುನಿಯು ಇವನಿಗಾಗಿ ಸ್ಥಳ ಕೊಟ್ಟನೆಂದ ಮೇಲೆ, ಇಂಥವರು ಆಗಲೂ ಬೀದಿಯಲ್ಲಿ ಕಾಣುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಕಾರಣವನ್ನು ಹುಡುಕಿದವರೂ ಇದ್ದರು. ಪಿತ್ತವು ವಾತದೊಡಗೂಡಿ ರೋಮಕೂಪಗಳನ್ನು ಹೊಕ್ಕು ಕೂದಲನ್ನು ಉದುರಿಸುವುದು, ಬಳಿಕ ಕಫವೂ ರಕ್ತವೂ ಆ ಕೂಪಗಳನ್ನು ಮುಚ್ಚಿಬಿಡುವುವು ಎಂದು ಸುಶ್ರುತನ ಮತ. ಇಂದಿನ ವೈದ್ಯರು ಹೇಳುವುದು ಬೇರೆ: ಗಂಡಸರ ಸಾಮಾನ್ಯ ಬೋಳುತನವು ವಂಶದಿಂದ ಬಂದುದು, ಪುರುಷಹಾರ್ಮೋನಿನ ಒಂದು ರೂಪಕ್ಕೆ ನೆತ್ತಿಯ ಕೂದಲ ಬುಡಗಳು ವರ್ಷವರ್ಷಕ್ಕೆ ಕುಗ್ಗುತ್ತ ಹೋಗುವುವು. ಮಿನಾಕ್ಸಿಡಿಲ್ ಮೊದಲಾದ ಔಷಧಗಳು ಕೆಲವರಿಗೆ ಗುಣ ಕೊಡುವುವಾದರೂ, ಹಚ್ಚುವುದನ್ನು ಬಿಟ್ಟರೆ ಬಂದ ಗುಣವೂ ಕ್ರಮೇಣ ಹೋಗುವುದು. ಬೋಳಿಸಿದರೆ ಕೂದಲು ದಟ್ಟವಾಗಿ ಬೆಳೆಯುವುದೆಂಬ ಮಾತಿಗೆ ಆಧಾರವಿಲ್ಲ. ಹಳಬರ ಮತ, ಹೊಸಬರ ಮತ ಎರಡರಲ್ಲಿಯೂ ಒಂದಂಶ ಸಮಾನ: ಈ ವಿಕಾರವು ದೇಹದ್ದೇ ಹೊರತು ಶೀಲದ್ದಲ್ಲ.

ಹೀಗಿದ್ದರೂ ಕಾವ್ಯವು ಖಲ್ವಾಟನನ್ನು ಕಂಡು ನಕ್ಕಿತು. ಭರ್ತೃಹರಿಯ ನೀತಿಶತಕದ ಆ ಪದ್ಯವನ್ನು ಪಾಠಶಾಲೆಯಲ್ಲಿ ಓದದವರಾರು? ಬಿಸಿಲಿಗೆ ತಲೆ ಕಾದು, ನೆರಳನ್ನರಸಿ ಮರದಡಿಗೆ ಹೋದ ಬೋಳನ ತಲೆಯ ಮೇಲೆಯೇ ದೊಡ್ಡ ಕಾಯೊಂದು ಬಿದ್ದು ತಲೆಯೊಡೆಯುತ್ತದೆ. ಅದರಿಂದ ಖಲ್ವಾಟಬಿಲ್ವೀಯವೆಂಬ ನ್ಯಾಯವೇ ಹುಟ್ಟಿತು. ಕವಿಯು ಹೇಳಹೊರಟುದು ದೈವದ ಬಲವನ್ನು. ಆದರೆ ದೈವದ ಏಟನ್ನು ತಿನ್ನಲು ಅವನು ಆರಿಸಿಕೊಂಡುದು ಈ ತಲೆಯನ್ನೇ. ಕುರುಳಿರುವ ತಲೆಯ ಮೇಲೆ ಕಾಯಿ ಬಿದ್ದರೂ ಅದು ಒಡೆಯುತ್ತಿತ್ತು. ಓದುವವನು ಮಾತ್ರ ನಗುತ್ತಿರಲಿಲ್ಲ.

ಇದೇ ಪರಂಪರೆಯು ಮುಂಡಿತನ ಮುಂದೆ ತಲೆ ಬಾಗಿಸುತ್ತದೆ. ನಮ್ಮ ಪಂಪನ ಆದಿಪುರಾಣವು (941) ಯಾವ ಜೈನಪುರಾಣಪರಂಪರೆಗೆ ಸೇರಿದುದೋ, ಅಲ್ಲಿ ವೃಷಭದೇವನು ರಾಜ್ಯವನ್ನು ತೊರೆದು ಐದು ಮುಷ್ಟಿಗಳಲ್ಲಿ ತನ್ನ ಕೇಶವನ್ನು ತಾನೇ ಕಿತ್ತುಕೊಳ್ಳುತ್ತಾನೆ. ಆ ಕೂದಲನ್ನು ಇಂದ್ರನು ಭಕ್ತಿಯಿಂದ ಒಯ್ದು ಕ್ಷೀರಸಮುದ್ರದಲ್ಲಿ ವಿಸರ್ಜಿಸುತ್ತಾನೆ. ದಿಗಂಬರ ಮುನಿಗಳು ಇಂದಿಗೂ ಕೇಶಲೋಚ ಮಾಡಿಕೊಳ್ಳುವುದನ್ನು ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. ತಿರುಪತಿಯಿಂದ ಬಂದವನ ನುಣ್ಣನೆಯ ತಲೆಯನ್ನು ಕಂಡು ಯಾರೂ ನಗುವುದಿಲ್ಲ, ಪ್ರಸಾದಕ್ಕೆ ಕೈಯೊಡ್ಡುತ್ತಾರೆ. ತಲೆ ಎರಡೂ ಒಂದೇ ಬಗೆ. ಭೇದವಿರುವುದು ಕ್ರಿಯಾಪದದಲ್ಲಿ. ಒಬ್ಬನಿಗೆ ಕೂದಲು ಉದುರಿತು. ಇನ್ನೊಬ್ಬನು ಮುಡಿ ಕೊಟ್ಟನು. ಮೊದಲನೆಯ ವಾಕ್ಯದಲ್ಲಿ ಮನುಷ್ಯನು ಕರ್ತೃವಲ್ಲ, ಎರಡನೆಯದರಲ್ಲಿ ಅವನೇ ಕರ್ತೃ. ಲೋಕವು ನಗುವುದೂ ನಮಿಸುವುದೂ ಈ ವಿಭಕ್ತಿಭೇದವನ್ನು ನೋಡಿ.

ಹಾಗಾದರೆ ಬೋಳಿಸಿದ ತಲೆಯೆಲ್ಲ ಪೂಜ್ಯವೆ? ಇಲ್ಲ. ಮೂರನೆಯ ತಲೆಯೊಂದುಂಟು, ಅದನ್ನು ನೆನೆದರೆ ಲೇಖನಿ ತಡೆಯುತ್ತದೆ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಕಾದಂಬರಿಯಲ್ಲಿ ಬಾಲ್ಯದಲ್ಲಿಯೇ ವಿಧವೆಯಾದ ಹುಡುಗಿಯ ತಲೆಯನ್ನು ಮನೆಯ ಹಿರಿಯರು ಬೋಳಿಸುತ್ತಾರೆ. ಮುಂದೆ ದಾಕ್ಷಾಯಣಿಯೆಂಬ ತರುಣಿಗೆ ಅದೇ ಗತಿ ಬಂದಾಗ ಅವಳು ಒಲ್ಲೆನೆನ್ನುತ್ತಾಳೆ. ಆಕೆಯ ಪರವಾಗಿ ನಿಲ್ಲುವವಳು ಜೀವಮಾನವೆಲ್ಲ ಬೋಳುತಲೆಯಲ್ಲಿ ಕಳೆದ ಫಣಿಯಮ್ಮನೇ. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಚಲಚ್ಚಿತ್ರವಾಗಿಸಿದರು. ಮುಡಿ ಕೊಟ್ಟವನ ತಲೆ ಪುಣ್ಯವೆಂದ ಸಮಾಜವೇ, ಮುಡಿಯನ್ನು ಕಸಿದುಕೊಂಡ ಹೆಂಗಸಿನ ಹೆಸರನ್ನು ಬೈಗುಳವಾಗಿ ಮಾಡಿಕೊಂಡಿತೆಂಬುದನ್ನು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಹಿರಿಮೆಯು ಕ್ಷೌರದ ಕತ್ತಿಯಲ್ಲಿಲ್ಲ. ಅದು ಯಾರ ಇಚ್ಛೆಯಿಂದ ಚಲಿಸಿತೆಂಬುದರಲ್ಲಿದೆ.

ಈ ಒರೆಗಲ್ಲಿನ ಮೇಲೆ 2017ರಲ್ಲಿ ಬಂದ 'ಒಂದು ಮೊಟ್ಟೆಯ ಕಥೆ' ಎಂಬ ಚಿತ್ರವನ್ನು ತಿಕ್ಕಿ ನೋಡಬಹುದು. ರಾಜ್ ಬಿ. ಶೆಟ್ಟಿ ಅವರು ತಾವೇ ಬರೆದು, ನಿರ್ದೇಶಿಸಿ, ನಾಯಕರಾಗಿ ಅಭಿನಯಿಸಿದ ಕೃತಿಯಿದು. ಮಂಗಳೂರಿನ ಕಾಲೇಜೊಂದರ ಕನ್ನಡ ಅಧ್ಯಾಪಕ ಜನಾರ್ದನ, ವಯಸ್ಸು 28, ತಲೆ ಬೋಳು, ರಾಜಕುಮಾರರ ಪರಮಭಕ್ತ, ಮನೆಯವರು ಅವನಿಗೆ ಹೆಣ್ಣು ಹುಡುಕುತ್ತಿದ್ದಾರೆ. ಪಾಣಿನಿಯ ಯುವಖಲತಿಯು ಕನ್ನಡದಲ್ಲಿ ಇವನಷ್ಟು ಜೀವಂತವಾಗಿ ಕಾಣಿಸಿಕೊಂಡುದನ್ನು ನಾನು ಬೇರೆ ಕಾಣೆ. ಈ ಕೃತಿಯ ನಿಜವಾದ ಗುಣವು ನಾಯಕನನ್ನು ಅನುಕಂಪಕ್ಕೆ ಮಾತ್ರ ಪಾತ್ರನನ್ನಾಗಿ ಮಾಡದಿರುವುದು. ತನ್ನ ತಲೆಯನ್ನು ನೋಡಿ ನಗುವ ಲೋಕದ ಮೇಲೆ ನೊಂದ ಅವನೇ, ಸರಳೆಯೆಂಬ ಸ್ಥೂಲಕಾಯದ ಹೆಣ್ಣು ಎದುರಾದಾಗ ಲೋಕದ ಕಣ್ಣಿನಿಂದಲೇ ಅವಳನ್ನು ಅಳೆಯುತ್ತಾನೆ. ಇದು ಉತ್ತಮವಾದ ಪಾತ್ರದೃಷ್ಟಿ. ಆದರೆ ಕಥೆಯ ಭಾರವೆಲ್ಲ ವಿವಾಹದ ಮೇಲೆ ಬಿದ್ದುದರಿಂದ, ಹೆಣ್ಣು ಒಪ್ಪಿದರೆ ತಲೆಗೆ ಬೆಲೆ ಬಂದೀತೆಂಬ ಭಾವನೆ ನೋಡುವವನಲ್ಲಿ ಉಳಿಯುವ ಅಪಾಯವಿದೆ. ಆ ತಲೆಯ ಸಂಗತಿಯನ್ನು ತಲೆಯುಳ್ಳವನೇ ತೀರ್ಮಾನಿಸುವ ಗಳಿಗೆಯು ನಮ್ಮ ಸಾಹಿತ್ಯದಲ್ಲಿ ಇನ್ನೂ ಬರೆಯಬೇಕಾದುದಾಗಿಯೇ ಇದೆ.

ಅಲಂಕಾರಶಾಸ್ತ್ರದಲ್ಲಿ ಪರಿಶ್ರಮವುಳ್ಳ ಮಿತ್ರರೊಬ್ಬರು ಇದನ್ನು ಕೇಳಿ ಒಂದು ವಿನೋದವಾದ ವಿಭಾಗವನ್ನು ಮಾಡಿದರು. ಕಿವಿಯ ಬದಿಯ ನಾಲ್ಕು ಎಳೆಗಳನ್ನು ನೆತ್ತಿಯ ಮೇಲೆ ಎಳೆದು ಬಾಚುವುದು ಅಪಹ್ನುತಿ: ಇದು ಬೋಳಲ್ಲ, ಕೇಶವೆಂದು ಸಾಧಿಸುವುದು. ಕೃತಕಕೇಶವನ್ನು ಧರಿಸುವುದು ಭ್ರಾಂತಿಮಾನ್. ಪೂರ್ಣವಾಗಿ ಬೋಳಿಸಿಕೊಳ್ಳುವುದು ಸ್ವಭಾವೋಕ್ತಿ. ಆದುದರಿಂದ ಅದೇ ಶ್ರೇಷ್ಠ. ವಿಭಾಗವು ಸೊಗಸಾಗಿದೆ, ಕಡೆಯದನ್ನು ಮಾತ್ರ ನಾನು ಒಪ್ಪಲಾರೆ. ಬೋಳಿಸಿದ ತಲೆಯಲ್ಲಿಯೂ ಮರೆಮಾಚುವಿಕೆಯುಂಟು. ಕೂದಲು ಎಲ್ಲಿಯವರೆಗೆ ಇತ್ತು, ಎಲ್ಲಿಂದ ಹೋಗಿತ್ತು ಎಂಬ ಗಡಿಯನ್ನೇ ಕತ್ತಿ ಅಳಿಸಿಬಿಡುತ್ತದೆ. ಎರಡು ಮೂರು ದಿನಕ್ಕೊಮ್ಮೆ ಹೆರೆಯದಿದ್ದರೆ ಆ ಗಡಿ ಮತ್ತೆ ಮೂಡುವುದು. ಹೀಗೆ ದುಡಿದು ಉಳಿಸಿಕೊಳ್ಳಬೇಕಾದುದನ್ನು ಸ್ವಭಾವವೆನ್ನುವುದು ಹೇಗೆ? ಅದರ ಹಿರಿಮೆಯು ಸತ್ಯದಲ್ಲಿಲ್ಲ, ಸಂಕಲ್ಪದಲ್ಲಿದೆ. ಉದುರಿತೆಂಬ ವಾಕ್ಯವನ್ನು ತೆಗೆದೆನೆಂದು ತಿದ್ದಿ ಬರೆಯುವುದೇ ಅದು.

ಈ ತಿದ್ದುಪಡಿಯು ನಮ್ಮ ಮನೆಗಳಲ್ಲಿ ಸುಲಭವೂ ಅಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಹೀಗೆ ನಿಶ್ಚಯಿಸಿದಾಗ ಅವನ ತಾಯಿ ಕಣ್ಣೀರಿಟ್ಟು, "ಅಪ್ಪ ಬದುಕಿರುವಾಗ ತಲೆ ಬೋಳಿಸಬಾರದಪ್ಪ" ಎಂದಳು. ಅವಳ ಮಾತು ಅವಿವೇಕವಲ್ಲ. ಅಪರಕರ್ಮದ ಕ್ಷೌರವನ್ನು ಕಂಡ ಕಣ್ಣಿಗೆ ಮಗನ ಬೋಳುತಲೆ ಸಾವಿನ ಸೂಚನೆಯಾಗಿಯೇ ತೋರುವುದು. ಬೀದಿಯವರು ಯಾರು ಹೋದರೆಂದು ಕೇಳುವುದೂ ಸಹಜ. ಅವನು ವಾದಕ್ಕೆ ನಿಲ್ಲಲಿಲ್ಲ. "ಅಮ್ಮಾ, ಆರು ವರ್ಷದಿಂದ ದಿನಾ ದಿಂಬಿನ ಮೇಲೆ ಎಣಿಸುತ್ತಿದ್ದೇನೆ. ಇನ್ನು ಎಣಿಸಲಾರೆ" ಎಂದನಂತೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ವಾರವನ್ನು ನೋಡಿ, ಮಂಗಳವಾರ ಬೇಡವೆಂದಷ್ಟೇ ಹೇಳಿದಳು. ಕಾದಂಬರಿಕಾರರು ಬರೆಯಬೇಕಾದ ಗಳಿಗೆಯೆಂದು ಮೇಲೆ ಹೇಳಿದುದು ಇಂಥದನ್ನೇ.

ಆದರೆ ಬೋಳಿಸುವುದೇ ಧೈರ್ಯ, ಬಿಟ್ಟಿರುವುದು ಹೇಡಿತನವೆಂದು ಹೊಸದೊಂದು ವಿಧಿಯನ್ನು ಯಾರೂ ಮಾಡದಿರಲಿ. ಇದ್ದುದನ್ನು ಇದ್ದಂತೆ ಬಿಟ್ಟು ನಿಶ್ಚಿಂತನಾಗಿ ನಡೆಯುವವನೂ ನಿಶ್ಚಯಿಸಿದವನೇ. ಔಷಧವನ್ನು ಹಚ್ಚುವವನೂ ಹಾಗೆಯೇ. ಸ್ನೇಹಿತರ ಚುಚ್ಚುಮಾತಿಗೆ ಬೆದರಿ ಕತ್ತಿಗೆ ತಲೆಯೊಡ್ಡಿದವನಾದರೋ ಮತ್ತೆ ಪರರ ಇಚ್ಛೆಗೇ ಒಳಗಾದನು. ಬೋಳಿಸಿಕೊಂಡವನಿಗೆ ಮುದುಕನ ಹಿತೋಕ್ತಿ ಒಂದೇ: ಭರ್ತೃಹರಿಯ ಖಲ್ವಾಟನ ತಾಪವು ಕವಿಕಲ್ಪನೆಯಲ್ಲ, ಬಿಸಿಲಿನಲ್ಲಿ ಟೋಪಿಯಿಲ್ಲದೆ ಹೊರಡಬಾರದು. ಕವಿಗಳಿಗೂ ಒಂದು ಬಿನ್ನಹ: ಮುಂದೆ ಇಂಥ ತಲೆಯನ್ನು ಕಾವ್ಯಕ್ಕೆ ತರುವಾಗ ಮರದ ಕಾಯನ್ನು ಅದರ ಮೇಲೆ ಬೀಳಿಸುವುದಕ್ಕೆ ಮುಂಚೆ, ಆ ತಲೆಯ ಒಳಗೆ ಏನು ನಡೆಯುತ್ತಿದೆಯೆಂದು ಒಮ್ಮೆ ವಿಚಾರಿಸಬೇಕು.